ಬೀದರ್ ಚಳಿಗೆ ಶ್ರೀಗಂಧದ ಸೆಂಟ್ ಯಾವುದು ಒಳ್ಳೆಯದು? ನನ್ನದು ಅರ್ಧ ತಾಸಿಗೇ ಮಾಯ

ಯಾದಗಿರಿ ಹುಡುಗ:

ಎಲ್ಲರಿಗೂ ನಮಸ್ಕಾರ ರೀ. ನಾನು ಹುಟ್ಟಿ ಬೆಳೆದದ್ದು ಯಾದಗಿರಿ. ಅಲ್ಲಿ ಚಳಿಗಾಲ ಅಂದರೆ ಡಿಸೆಂಬರಿನಲ್ಲಿ ಫ್ಯಾನನ್ನು ಎರಡು ಪಾಯಿಂಟ್ ಇಳಿಸುವುದು, ಅಷ್ಟೇ. ಈ ವರ್ಷ ಬೀದರಿಗೆ ವರ್ಗ ಆಯ್ತು. ಬೆಳಿಗ್ಗೆ ಏಳಕ್ಕೆ ಬೈಕ್ ಹತ್ತಿದರೆ ಬೆರಳು ಬ್ರೇಕ್ ಹಿಡಿಯಲು ಒಲ್ಲೆ ಅನ್ನುತ್ತವೆ. ಸ್ವೆಟರ್, ಮಂಕಿ ಟೋಪಿ, ಮೇಲೆ ಮಫ್ಲರ್, ಹೀಗೆ ಮೂಟೆ ಕಟ್ಟಿಕೊಂಡು ಆಫೀಸಿಗೆ ಹೋಗುತ್ತೇನೆ.

ವಿಷಯ ಏನೆಂದರೆ ನನಗೆ ಗಂಧದ ವಾಸನೆ ಬಹಳ ಇಷ್ಟ. ನಮ್ಮ ಅಜ್ಜ ದಿನಾ ಬೆಳಿಗ್ಗೆ ಸಾಣೆಕಲ್ಲಿನ ಮೇಲೆ ಗಂಧದ ಕೊರಡು ತೇಯುತ್ತಿದ್ದರು. ನಾಲ್ಕು ಹನಿ ನೀರು ಹಾಕಿ ಒಂದೇ ಸಮ ಸುತ್ತು ಸುತ್ತು ತಿರುಗಿಸುತ್ತಾ ಕೂರುತ್ತಿದ್ದರು. ದೇವರಿಗೆ ಹಚ್ಚಿ ಉಳಿದದ್ದನ್ನು ನಾನು ಸಾಲಿಗೆ ಹೋಗುವ ಮೊದಲು ನನ್ನ ಕಿವಿಯ ಹಿಂದೆ ತಿಕ್ಕಿ ಕಳಿಸುತ್ತಿದ್ದರು. ನನಗೆ ಬೇಕಾದದ್ದು ಆ ವಾಸನೆ. ಹೋದ ತಿಂಗಳು ಒಂದು ಅಂಗಡಿಯಲ್ಲಿ "ಪ್ಯೂರ್ ಮೈಸೂರು ಚಂದನ" ಅಂತ ಬರೆದ ಸಣ್ಣ ಬಾಟಲಿ ತಗೊಂಡೆ, 10 ಮಿ.ಲೀ., 150 ರೂಪಾಯಿ. ದೀಪಾವಳಿಗೆ ಊರಿಗೆ ಹೋದಾಗ ಹಚ್ಚಿಕೊಂಡಿದ್ದೆ, ಸಂಜೆ ತನಕ ಬರುತ್ತಿತ್ತು. ಇಲ್ಲಿ ಬೆಳಿಗ್ಗೆ ಹಚ್ಚಿಕೊಂಡು ಆಫೀಸು ಮುಟ್ಟುವಷ್ಟರಲ್ಲಿ ಏನೂ ಇರಲ್ಲ. ಮಣಿಕಟ್ಟು ಮೂಸಿದರೆ ಬರೀ ಉಣ್ಣೆ ಮತ್ತು ಪೆಟ್ರೋಲ್.

ಬಾಟಲಿ ಖೊಟ್ಟಿನಾ, ಚಳಿಯ ತಪ್ಪಾ, ಇಲ್ಲಾ ನಾನು ಹಚ್ಚುವುದೇ ತಪ್ಪಾ? ಹೊಸದು ತಗೊಳ್ಳುವುದಾದರೆ 1500 ತನಕ ಕೊಡುತ್ತೇನೆ. ಮಧ್ಯಾಹ್ನ ಇಲ್ಲೂ ಬಿಸಿಲು ಚುರುಕೇ ಇರುತ್ತದೆ, ಕೌಂಟರಿನಲ್ಲಿ ಜನರ ಎದುರು ಕೂರುವ ಕೆಲಸ, ಹಾಗಾಗಿ ಮೂಗಿಗೆ ಹೊಡೆಯುವಂಥದ್ದು ಮಾತ್ರ ಬೇಡ.

ಅತ್ತರ್ ಗಿರಾಕಿ, ಕಲಬುರಗಿ:

ತಮ್ಮಾ, ಮೂರೂ ಸೇರಿದೆ ಅನಿಸುತ್ತದೆ. ಮೊದಲು ಚಳಿಯ ಮಾತು. ವಾಸನೆ ಅಂದರೆ ಎಣ್ಣೆ ಆವಿಯಾಗಿ ಮೂಗಿಗೆ ಬರುವುದು, ಅಲ್ವಾ? ಮೈ ಬೆಚ್ಚಗಿದ್ದರೆ ಬೇಗ ಏಳುತ್ತದೆ, ತಣ್ಣಗಿದ್ದರೆ ಅಲ್ಲೇ ಮಲಗುತ್ತದೆ. ಅದರಲ್ಲೂ ಗಂಧದೆಣ್ಣೆ ಭಾರದ ಎಣ್ಣೆ. ನಿಂಬೆ, ಕಿತ್ತಳೆ ತರಹ ಥಟ್ ಅಂತ ಮೇಲೆ ಬರುವುದಲ್ಲ. ಬೇಸಿಗೆಯಲ್ಲೇ ಅದು ಮೈಗೆ ಅಂಟಿಕೊಂಡು ಮೆಲ್ಲಗೆ ಮಾತಾಡುತ್ತದೆ. ಬೀದರಿನ ಬೆಳಗಿನ ಚಳಿಯಲ್ಲಿ, ಅದೂ ಬೈಕಿನ ಗಾಳಿಗೆ ಒಡ್ಡಿದ ಮಣಿಕಟ್ಟಿನ ಮೇಲೆ, ಬಾಯೇ ಬಿಡಲ್ಲ.

ಅದಕ್ಕೇ ಹಳೆಯ ಅತ್ತರ್ ಮಂದಿ ಕಾಲಕ್ಕೆ ತಕ್ಕಂತೆ ಅತ್ತರ್ ಬದಲಿಸುತ್ತಾರೆ. ಬೇಸಿಗೆಗೆ ಖಸ್, ಗುಲಾಬಿ, ಮೋಗ್ರಾ. ಚಳಿಗೆ ಶಮಾಮಾ, ಹಿನಾ, ಅಂಬರ್, ಊದ್. ನೀನು ಶಮಾಮಾ ಕೇಳು. ಉತ್ತರ ಪ್ರದೇಶದ ಅತ್ತರ್ ಊರು ಕನೌಜಿನ ಮಾಲು. ಹತ್ತಾರು ಬೇರು, ಮಸಾಲೆ ಸೇರಿಸಿ ಭಟ್ಟಿ ಇಳಿಸುತ್ತಾರೆ. ಲವಂಗ, ಏಲಕ್ಕಿ, ಜಾಯಿಕಾಯಿ, ಜಟಾಮಾಂಸಿ, ಆಮೇಲೆ ಕಲ್ಲುಹೂವು. ಅದೇ ರೀ, ನಮ್ಮ ಮಸಾಲೆ ಖಾರಕ್ಕೆ ಕುಟ್ಟಿ ಹಾಕುತ್ತೇವಲ್ಲ, ದಗಡಫೂಲ್. ಒಳ್ಳೆಯ ಶಮಾಮಾದ ತಳದಲ್ಲಿ ಇರುವುದು ಗಂಧದೆಣ್ಣೆಯೇ. ಗಂಧ ಮೆಲ್ಲಗೆ ಮಾತಾಡುತ್ತದೆ ಅಂದೆನಲ್ಲ, ಪಕ್ಕದಲ್ಲಿ ಲವಂಗ, ಕೇಸರಿ ಇದ್ದರೆ ಅದಕ್ಕೂ ಧೈರ್ಯ ಬರುತ್ತದೆ!

ಇನ್ನೊಂದು ಮಾತು ಬಹಳ ಮಂದಿಗೆ ಗೊತ್ತಿಲ್ಲ. ಗುಲಾಬಿ ಅತ್ತರ್ ಅಂದರೆ ಬರೀ ಗುಲಾಬಿ ಅಲ್ಲ. ಕನೌಜಿನಲ್ಲಿ ತಾಮ್ರದ ಹಂಡೆಗೆ ಹೂವು, ನೀರು ತುಂಬಿ, ಬಾಯಿಗೆ ಮಣ್ಣು ಮೆತ್ತಿ ಕೆಳಗೆ ಉರಿ ಹಾಕುತ್ತಾರೆ. ಆ ಹಂಡೆಗೆ ದೇಗ್ ಅಂತಾರೆ. ಆವಿ ಬಿದಿರಿನ ನಳಿಗೆಯಲ್ಲಿ ಹಾದು ಇನ್ನೊಂದು ತಾಮ್ರದ ಪಾತ್ರೆಗೆ ಬರುತ್ತದೆ, ಅದು ಭಪ್ಕಾ. ಭಪ್ಕಾ ನೀರಿನ ತೊಟ್ಟಿಯಲ್ಲಿ ತಣ್ಣಗೆ ಕೂತಿರುತ್ತದೆ, ಅದರೊಳಗೆ ಮೊದಲೇ ಗಂಧದೆಣ್ಣೆ ಹಾಕಿಟ್ಟಿರುತ್ತಾರೆ. ಹೂವಿನ ಆವಿ ಬಂದು ಬೀಳುವುದು ಆ ಎಣ್ಣೆಯ ಮಡಿಲಿಗೆ. ಹಾಗಾಗಿ ಹಳೇ ಪದ್ಧತಿಯ ಅತ್ತರ್ ಯಾವುದೇ ಆಗಲಿ, ಹೂವಿನ ಹೆಸರಿನ ಹಿಂದೆ ಗಂಧ ಇರುತ್ತಿತ್ತು. ಈಗ ಗಂಧ ತುಟ್ಟಿಯಾಗಿ ಬಹಳ ಕಡೆ ಆ ಜಾಗದಲ್ಲಿ ಲಿಕ್ವಿಡ್ ಪ್ಯಾರಾಫಿನ್ ಎಂಬ ಅಗ್ಗದ ಖನಿಜ ಎಣ್ಣೆ ಬಂದು ಕೂತಿದೆ, ಆ ಮಾತು ಬೇರೆ.

ನಮ್ಮ ಕಲಬುರಗಿಯ ಬಂದೇ ನವಾಜ್ ದರ್ಗಾಕ್ಕೆ ಬಂದಾಗ ಆ ಕಡೆ ಅತ್ತರ್ ಅಂಗಡಿಗಳಲ್ಲಿ ಒಂದು ತಾಸು ಕಳೆ. ಉರುಸಿನಲ್ಲಿ ಮೊದಲ ದಿನ ಹೊರಡುವ ಮೆರವಣಿಗೆಗೆ ಹೆಸರೇ ಸಂದಲ್, ಅಂದರೆ ಗಂಧ. ಆ ಊರಿನಲ್ಲಿ ಗಂಧ ಗೊತ್ತಿಲ್ಲದವರು ಅತ್ತರ್ ಮಾರಲ್ಲ. ಅಂಗಡಿಯವರು ಹತ್ತಿಯ ಸಣ್ಣ ಉಂಡೆಗೆ ಅದ್ದಿ ಕೊಡುತ್ತಾರೆ, ಫಾಯಾ ಅಂತಾರೆ. ಅದನ್ನು ಕಿವಿಯ ಮಡಿಕೆಯಲ್ಲಿ ಸಿಗಿಸಿಕೋ, ಮಂಕಿ ಟೋಪಿ ಎಳೆದುಕೋ, ಹೋಗು. ಕಿವಿ ಬೆಚ್ಚಗಿರುತ್ತದೆ, ಅತ್ತರೂ ಬೆಚ್ಚಗಿರುತ್ತದೆ.

ಸುಮ್ನೆ ಒಬ್ಬ:

ಸ್ವೆಟರ್ ಮೇಲೇ ಹೊಡಕೊಳ್ಳಿ ರೀ, ಮುಂದಿನ ಚಳಿಗಾಲದ ತನಕ ಹೋಗಲ್ಲ. ನಮ್ಮ ಮಾಮಾನ ಶಾಲು ಇವತ್ತಿಗೂ 2019ರ ಮದುವೆ ಮನೆಯ ವಾಸನೆ ಹೊಡೆಯುತ್ತದೆ.

ಶಹಾಪುರದ ಅಕ್ಕ:

ಸ್ವೆಟರಿಗೆ ಹಚ್ಚಬಹುದು, ಆದರೆ ಒಳಗಡೆ, ಕಾಣದ ಜಾಗದಲ್ಲಿ. ನನ್ನ ಗೋಳು ಕೇಳಿ. ತಂಗಿಯ ಸೀಮಂತಕ್ಕೆ ಇಳಕಲ್ ಸೀರೆ ಉಟ್ಟು ಸೆರಗಿನ ಅಂಚಿಗೆ ಎರಡು ಹನಿ ಅತ್ತರ್ ತಿಕ್ಕಿದೆ. ಮನೆಗೆ ಬಂದು ನೋಡಿದರೆ ಎಣ್ಣೆಯ ಕಲೆ, ನಾಲ್ಕಾಣೆಯಷ್ಟು ಅಗಲ. ಕಡಲೆಹಿಟ್ಟು ಹಚ್ಚಿದೆ, ಪೌಡರ್ ಹಚ್ಚಿದೆ, ಡ್ರೈಕ್ಲೀನಿಂಗಿಗೂ ಕೊಟ್ಟೆ. ಕಲೆ ಹೋಗಲಿಲ್ಲ, ಅತ್ತರಿನ ವಾಸನೆ ಮಾತ್ರ ಹೋಯಿತು. ರೇಷ್ಮೆ ಮತ್ತು ಬಿಳಿ ಬಟ್ಟೆಯಿಂದ ಅತ್ತರನ್ನು ದೂರ ಇಡಿ.

ಹುಡುಗನಿಗೆ ನಾನು ಹೇಳುವುದು ಬೇರೆ. ಬೀದರಿನ ಚಳಿ ಒಣ ಚಳಿ. ಕೈ ಕಾಲಿನ ಚರ್ಮ ಬಿರಿದು ಬಿಳಿ ಗೆರೆ ಬಿದ್ದಿರುತ್ತದೆ, ನೋಡಿಕೋ. ಒಣ ಚರ್ಮದ ಮೇಲೆ ಯಾವ ಸೆಂಟೂ ನಿಲ್ಲಲ್ಲ, ಕುಡಿದುಬಿಡುತ್ತದೆ. ಸ್ನಾನ ಆದ ಕೂಡಲೇ, ಮೈ ಇನ್ನೂ ಸ್ವಲ್ಪ ಹಸಿ ಇರುವಾಗ, ವಾಸನೆ ಇಲ್ಲದ ವ್ಯಾಸಲಿನ್ ತೆಳ್ಳಗೆ ಹಚ್ಚು. ಕೊಬ್ಬರಿ ಎಣ್ಣೆ ಬೇಡ, ಚಳಿಗೆ ಗಟ್ಟಿಯಾಗುತ್ತದೆ, ಅದರ ವಾಸನೆ ಗಂಧದ ಜೊತೆ ಜಗಳಕ್ಕೆ ನಿಲ್ಲುತ್ತದೆ. ಅದರ ಮೇಲೆ ಗಂಧ ಹಚ್ಚು. ಮಣಿಕಟ್ಟು ಬಿಡು, ಅದು ಹೊರಗೆ ಇರುತ್ತದೆ. ಎದೆಯ ಮೇಲೆ, ಕುತ್ತಿಗೆಯ ಕೆಳಗಿನ ಕುಳಿಯಲ್ಲಿ, ಅಂಗಿಯ ಒಳಗೆ ಹಚ್ಚು. ಹಚ್ಚಿದ ಮೇಲೆ ತಿಕ್ಕಬೇಡ. ಸ್ನಾನಕ್ಕೆ ಮೈಸೂರು ಸ್ಯಾಂಡಲ್ ಸಾಬೂನು ಹಾಕಿದರೆ ಇನ್ನೂ ಚೆಂದ, ಒಂದೇ ಮನೆತನದ ವಾಸನೆ, ಕೂಡಿಕೊಂಡು ಹೋಗುತ್ತದೆ. ಮೊದಲ ಸಲ ಮೊಣಕೈ ಒಳಗೆ ಒಂದು ಹನಿ ಹಚ್ಚಿ ಒಂದು ದಿನ ನೋಡು. ಕೆಲವರಿಗೆ ತುರಿಕೆ ಏಳುತ್ತದೆ.

ಶಮಾಮಾ ಬಗ್ಗೆ ಮೇಲಿನ ಅಣ್ಣನವರ ಮಾತು ನಾನು ಒಪ್ಪಲ್ಲ. ನಮ್ಮ ಭಾವ ಹಚ್ಚಿಕೊಂಡು ಕಾರಿನಲ್ಲಿ ಕೂತರೆ ಸುರಪುರ ಮುಟ್ಟುವ ತನಕ ನನಗೆ ತಲೆಶೂಲೆ. ಕೌಂಟರಿನ ಹುಡುಗನಿಗೆ ಅದು ಜಾಸ್ತಿ ಆಯ್ತು.

ಅತ್ತರ್ ಗಿರಾಕಿ, ಕಲಬುರಗಿ:

ಅಕ್ಕಾ, ನಿಮ್ಮ ಭಾವ ಎಷ್ಟು ಹಚ್ಚುತ್ತಾರೆ ಅಂತ ಮೊದಲು ಕೇಳಿ! ಶಮಾಮಾ ಕಡ್ಡಿಯ ತುದಿಗೆ ಅಂಟಿದಷ್ಟು ಸಾಕು. ಚಟ್ನಿ ಹಾಗೆ ಬಳಿದರೆ ಯಾರಿಗಾದರೂ ತಲೆಶೂಲೆ ಬರುತ್ತದೆ. ಆದರೂ ನಿಮ್ಮ ಮಾತು ಅರ್ಧ ಒಪ್ಪಿದೆ. ಆಫೀಸಿಗೆ ಆದರೆ ಮೂರು ಪಾಲು ಗಂಧ, ಒಂದು ಪಾಲು ಶಮಾಮಾ. ಅಂಗಡಿಯವರೇ ಬೆರೆಸಿ ಕೊಡುತ್ತಾರೆ.

ಕೆಮಿಸ್ಟ್ರಿ ಮೇಷ್ಟ್ರು:

150 ರೂಪಾಯಿಯ ಬಾಟಲಿ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಮಾತಾಡುತ್ತೇನೆ. ಲೆಕ್ಕ ಬಹಳ ಸರಳ. ಒಳ್ಳೆಯ ಶ್ರೀಗಂಧದೆಣ್ಣೆ ಲೀಟರಿಗೆ ಒಂದು ಲಕ್ಷದ ಮೇಲೆಯೇ. ಬರೀ ಒಂದು ಲಕ್ಷ ಅಂತ ಹಿಡಿದರೂ 10 ಮಿ.ಲೀ.ಗೆ ಸಾವಿರ ರೂಪಾಯಿ ಆಯ್ತು, ಬಾಟಲಿ, ಅಂಗಡಿ ಬಾಡಿಗೆ, ಲಾಭ ಬಿಟ್ಟು. 150ಕ್ಕೆ ಸಿಕ್ಕಿದ್ದು ಏನು ಅಂತ ನೀವೇ ಊಹಿಸಿ.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಮೆಡಿಕಲ್ ಅಂಗಡಿಯಿಂದ ಸರ್ಜಿಕಲ್ ಸ್ಪಿರಿಟ್ ತನ್ನಿ. ಗಾಜಿನ ಸಣ್ಣ ಲೋಟದಲ್ಲಿ ಎರಡು ಚಮಚ ಸ್ಪಿರಿಟ್, ಅದಕ್ಕೆ ನಾಲ್ಕು ಹನಿ ಅತ್ತರ್ ಹಾಕಿ ಅಲ್ಲಾಡಿಸಿ. ಒಲೆ, ದೀಪ ದೂರ ಇರಲಿ. ಶ್ರೀಗಂಧದೆಣ್ಣೆ ಆಲ್ಕೋಹಾಲಿನಲ್ಲಿ ಕರಗುತ್ತದೆ. ಲಿಕ್ವಿಡ್ ಪ್ಯಾರಾಫಿನ್ ಅಥವಾ ಅಡುಗೆ ಎಣ್ಣೆ ಬೆರೆತಿದ್ದರೆ ಹಾಲಿನ ಹಾಗೆ ಮಬ್ಬಾಗುತ್ತದೆ, ಸ್ವಲ್ಪ ಹೊತ್ತಿಗೆ ಹನಿ ಹನಿಯಾಗಿ ಬೇರೆ ನಿಲ್ಲುತ್ತದೆ. ಆದರೆ ತಿಳಿಯಾಗಿ ಕರಗಿದ ಮಾತ್ರಕ್ಕೆ ಅಪ್ಪಟ ಅಂತ ತಿಳಿಯಬೇಡಿ. ಆಲ್ಕೋಹಾಲಿನಲ್ಲಿ ಕರಗುವ ಕಲಬೆರಕೆಗಳೂ ಇವೆ. ಈ ಪರೀಕ್ಷೆ ಕಳ್ಳನನ್ನು ಹಿಡಿಯುತ್ತದೆ, ಸಾಚಾ ಅಂತ ಸರ್ಟಿಫಿಕೇಟ್ ಕೊಡಲ್ಲ. ಅದಕ್ಕೆ ಎಣ್ಣೆಯಲ್ಲಿ ಏನೇನು ಎಷ್ಟಿದೆ ಅಂತ ಬಿಡಿಸಿ ಹೇಳುವ ಲ್ಯಾಬಿನ ಗ್ಯಾಸ್ ಕ್ರೊಮ್ಯಾಟೊಗ್ರಫಿಯೇ ಆಗಬೇಕು. ಗಂಧದ ವಾಸನೆ ಇರುವುದು ಸ್ಯಾಂಟಲಾಲ್ ಎಂಬ ವಸ್ತುವಿನಲ್ಲಿ. ಐಎಸ್‌ಒ ಎಂಬ ಅಂತರರಾಷ್ಟ್ರೀಯ ಗುಣಮಟ್ಟದ ಅಳತೆಯ ಪ್ರಕಾರ ನಮ್ಮ ಶ್ರೀಗಂಧದೆಣ್ಣೆಯಲ್ಲಿ ಆಲ್ಫಾ ಸ್ಯಾಂಟಲಾಲ್ 41ರಿಂದ 55 ಶೇಕಡಾ, ಬೀಟಾ 16ರಿಂದ 24 ಶೇಕಡಾ ಇರಬೇಕು. ಆಸ್ಟ್ರೇಲಿಯಾದ ಕಾಡು ಗಂಧ ಬೇರೆ ಜಾತಿ, ಅದರಲ್ಲಿ ಸ್ಯಾಂಟಲಾಲ್ ಕಡಿಮೆ, ವಾಸನೆಯೂ ಸ್ವಲ್ಪ ಒರಟು.

ಹಾಗಂತ ಕೃತಕ ಗಂಧ ಅಂದ ಕೂಡಲೇ ಮೂಗು ಮುರಿಯಬೇಡಿ. ಜಾವನಾಲ್, ಎಬನಾಲ್ ಅಂತ ಲ್ಯಾಬಿನಲ್ಲಿ ಮಾಡಿದ ಗಂಧಗಳಿವೆ, ದೊಡ್ಡ ದೊಡ್ಡ ಕಂಪನಿಯ ಸೆಂಟುಗಳಲ್ಲೂ ಇರುತ್ತವೆ. ಚಳಿಯಲ್ಲಿ ಕೆಲವು ನಿಜವಾದ ಗಂಧಕ್ಕಿಂತ ಚೆನ್ನಾಗಿ ಹರಡುತ್ತವೆ. ನನ್ನ ಸಿಟ್ಟು ಅವುಗಳ ಮೇಲಲ್ಲ, "ಪ್ಯೂರ್ ಮೈಸೂರು" ಅಂತ ಸುಳ್ಳು ಚೀಟಿ ಅಂಟಿಸುವವರ ಮೇಲೆ. ಆ ಹೆಸರಿಗೆ ಒಂದು ಚರಿತ್ರೆ ಇದೆ. ಮೊದಲನೇ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಮರ ಕಳಿಸುವುದು ನಿಂತು, ಮರ ಇಲ್ಲೇ ಉಳಿಯಿತು. ಆಗ 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರಿನಲ್ಲಿ ಎಣ್ಣೆ ಕಾರ್ಖಾನೆ ಶುರು ಮಾಡಿದರು, ವಿಶ್ವೇಶ್ವರಯ್ಯ ದಿವಾನರು. ಸಾಬೂನು ಬಂದದ್ದು ಅದರ ಹಿಂದೆ. ಅದೇ ಸರ್ಕಾರಿ ಸಂಸ್ಥೆ ಇವತ್ತಿಗೂ ಗಂಧದೆಣ್ಣೆಯನ್ನು ಸಣ್ಣ ಶೀಷೆಗಳಲ್ಲಿ ಮಾರುತ್ತದೆ. 1500ರಲ್ಲಿ ಸಿಕ್ಕಷ್ಟು ಅದನ್ನೇ ತಗೊಳ್ಳಿ, ಸಣ್ಣದಾದರೂ ಪರವಾಗಿಲ್ಲ. ನಮ್ಮ ಅತ್ತರ್ ಗಿರಾಕಿಗಳು ಹೇಳಿದ ಶಮಾಮಾವನ್ನು ಬೇರೆ ತಗೊಂಡು ನೀವೇ ಬೆರೆಸಿ.

ಪುಣೆಯಲ್ಲಿರುವ ಕಲಬುರಗಿಯವ:

ದುಡ್ಡು ಜಾಸ್ತಿ ಇದ್ದವರಿಗೆ ಅಂತ ಒಂದು ಮಾತು, ಎರಡು ಫ್ರೆಂಚ್ ಕಂಪನಿಗಳ ಸೆಂಟಿನ ಬಗ್ಗೆ. ಡಿಪ್ಟಿಕ್‌ನ ತಾಮ್ ದಾವ್ 2003ರದು, ಗಂಧಕ್ಕೆ ದೇವದಾರು ಕೂಡಿಸಿದ ಹಾಗೆ ಇರುತ್ತದೆ, ಚಳಿಗೆ ಸ್ವಲ್ಪ ತೆಳು. ಗೆರ್ಲಾನ್‌ನ ಸಂಸಾರ 1989ರದು, ಗಂಧ ಮತ್ತು ಮಲ್ಲಿಗೆ, ಹೆಸರೂ ನಮ್ಮದೇ! ಅದು ಚಳಿಗೆ ಹೇಳಿ ಮಾಡಿಸಿದ್ದು, ಆದರೆ ಗಟ್ಟಿ ಧ್ವನಿಯದು. ಗೆಳೆಯನ ಹತ್ತಿರ ಮೂಸಿ ನೋಡಿ ನನಗೆ ಅನಿಸಿದ್ದು, ಗಂಧ ಮಲ್ಲಿಗೆ ಎರಡನ್ನೂ ನಮ್ಮ ಅತ್ತೆ ಜಡೆಗೂ ಹಣೆಗೂ ಹಚ್ಚಿಕೊಂಡು ಮದುವೆಗೆ ಬರುತ್ತಿದ್ದರು, ಪುಕ್ಕಟೆಯಾಗಿ.

ಹುಮನಾಬಾದ್ ರೈತ:

ಸೆಂಟಿನ ವಿಷಯ ನನಗೆ ಗೊತ್ತಿಲ್ಲ, ಗಿಡದ್ದು ಸ್ವಲ್ಪ ಗೊತ್ತು. ಕೆಂಪು ಮಣ್ಣಿನ ಎರಡು ಎಕರೆಯಲ್ಲಿ ಶ್ರೀಗಂಧ ಹಚ್ಚಿದ್ದೇನೆ, ಎಂಟನೇ ವರ್ಷ. ನೀರು ನಿಲ್ಲುವ ಎರೆ ಹೊಲದಲ್ಲಿ ಹಚ್ಚಿದ ನಮ್ಮ ಕಾಕಾನ ಗಿಡಗಳು ಒಂದೇ ಮಳೆಗಾಲಕ್ಕೆ ಕೊಳೆತು ಹೋದವು. ಶ್ರೀಗಂಧ ಒಂಟಿಯಾಗಿ ಬದುಕಲ್ಲ ರೀ. ಪಕ್ಕದ ಗಿಡದ ಬೇರಿಗೆ ತನ್ನ ಬೇರು ಅಂಟಿಸಿ ಅದರಿಂದ ಹೀರುತ್ತದೆ. ನಾವು ಶುರುವಿಗೆ ಜೊತೆಗೆ ಹಾಕಿದ್ದು ಏನು ಗೊತ್ತಾ? ತೊಗರಿ! ಊರಿಗೆಲ್ಲ ಬೇಳೆ ಕೊಡುವ ತೊಗರಿ ಈ ರಾಜನಿಗೂ ಹಾಲು ಕುಡಿಸುತ್ತದೆ.

ಜನ ಬಂದು ಗಿಡ ಮುರಿದು ಮೂಸುತ್ತಾರೆ, ವಾಸನೆ ಇಲ್ಲ ಅಂತ ನಗುತ್ತಾರೆ. ಇರಲ್ಲ. ಎಳೇ ಗಿಡದ ಬಿಳಿ ಕಟ್ಟಿಗೆಗೆ, ಎಲೆಗೆ, ಹೂವಿಗೆ ಗಂಧ ಇಲ್ಲ. ಒಳಗೆ ಕಂದು ಬಣ್ಣದ ಚೇಗು, ಅಂದರೆ ಗಟ್ಟಿ ತಿರುಳು ಕೂಡಬೇಕು, ಅದಕ್ಕೆ ಹತ್ತು ಹದಿನೈದು ವರ್ಷ ಬೇಕು, ಎಷ್ಟು ಹಳೆಯದೋ ಅಷ್ಟು ಎಣ್ಣೆ. ಬೇರಿನಲ್ಲಿ ಇನ್ನೂ ಜಾಸ್ತಿ. ಅದಕ್ಕೇ ಕಡಿಯಲ್ಲ, ಬುಡಸಮೇತ ಕೀಳುತ್ತಾರೆ. 2001ರಲ್ಲಿ ಕಾನೂನು ಬದಲಾಗಿ ಹೊಲದ ಗಿಡ ಹೊಲದವನದೇ ಆಯ್ತು, ಮೊದಲು ನಮ್ಮ ಹೊಲದಲ್ಲಿ ಹುಟ್ಟಿದರೂ ಸರ್ಕಾರದ್ದು. ಈಗಲೂ ಕಡಿಯಬೇಕೆಂದರೆ ಅರಣ್ಯ ಇಲಾಖೆಗೆ ಅರ್ಜಿ ಹಾಕಬೇಕು. ರಾತ್ರಿ ನಾಯಿ ಬೊಗಳಿದರೆ ಇವತ್ತಿಗೂ ಬ್ಯಾಟರಿ ಹಿಡಿದು ಎದ್ದು ಹೋಗುತ್ತೇನೆ. 150 ರೂಪಾಯಿಗೆ ಪ್ಯೂರ್ ಅಂದಾಗ ನಗು ಬಂತು, ಅದಕ್ಕೆ ಬರೆದೆ.

ಯಾದಗಿರಿ ಹುಡುಗ:

ಎಲ್ಲರಿಗೂ ಬಹಳ ಬಹಳ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ ಪರೀಕ್ಷೆ ಮಾಡಿದೆ. ನಾಲ್ಕನೇ ಹನಿಗೆ ಲೋಟ ಮಜ್ಜಿಗೆ ಆಯ್ತು. ರೂಮ್‌ಮೇಟ್ "ಇದೇನು ಬೆಳಿಗ್ಗೆ ಬೆಳಿಗ್ಗೆ" ಅಂತ ಮುಖ ನೋಡಿದ. ಹತ್ತು ನಿಮಿಷಕ್ಕೆ ಎಣ್ಣೆ ಕಣ್ಣು ಕಣ್ಣಾಗಿ ಬೇರೆ ನಿಂತಿತು. ಅಂಗಡಿಯವನ ಹತ್ತಿರ ಹೋಗಿ ಜಗಳ ಆಡೋಣ ಅಂದುಕೊಂಡೆ, ಆಮೇಲೆ 150ಕ್ಕೆ ಪ್ಯೂರ್ ಕೇಳಿದ ನನ್ನ ಬುದ್ಧಿಗೂ ಎರಡು ಏಟು ಬೀಳಬೇಕಲ್ಲ ಅಂತ ಸುಮ್ಮನಾದೆ.

ಒಂದು ಅನುಮಾನ ಉಳಿದಿದೆ. ಈ ಖೊಟ್ಟಿ ಬಾಟಲಿ ಯಾದಗಿರಿಯಲ್ಲಿ ಸಂಜೆ ತನಕ ಹೇಗೆ ಬಂತು?

ಶಹಾಪುರದ ಅಕ್ಕ:

ಯಾದಗಿರಿಯಲ್ಲಿ ಬೆವರು ಬರುತ್ತದೆ ತಮ್ಮಾ, ಮೈ ಬಿಸಿ ಇರುತ್ತದೆ, ಎಂಥದ್ದಾದರೂ ಏಳುತ್ತದೆ. ಮತ್ತೆ ಬೀದರಿನಲ್ಲಿ ನಿಜವಾಗಿ ಹೋಗಿತ್ತಾ, ಇಲ್ಲಾ ನಿನ್ನ ಮೂಗಿಗೆ ಬರುತ್ತಿರಲಿಲ್ಲವಾ? ಒಂದೇ ವಾಸನೆ ಹತ್ತು ನಿಮಿಷ ಮೂಸಿದರೆ ಮೂಗು ಅದನ್ನು ಬಿಟ್ಟುಬಿಡುತ್ತದೆ. ಗಂಧದಂಥ ಮೆಲು ವಾಸನೆಗೆ ಇದು ಇನ್ನೂ ಜಾಸ್ತಿ. ಊದುಬತ್ತಿ ಹಚ್ಚಿದವರಿಗೆ ವಾಸನೆ ಗೊತ್ತಾಗಲ್ಲ, ಬಾಗಿಲು ತೆಗೆದು ಒಳಗೆ ಬಂದವರಿಗೆ ಗೊತ್ತಾಗುತ್ತದೆ. ನೀನು ಮಣಿಕಟ್ಟು ಮೂಸುವುದು ಬಿಟ್ಟು ಪಕ್ಕದವರನ್ನು ಕೇಳು.

ಯಾದಗಿರಿ ಹುಡುಗ:

ಮೂರು ವಾರ ಆದ ಮೇಲೆ ಬರೆಯುತ್ತಿದ್ದೇನೆ, ಬೈಯಬೇಡಿ. ಕಲಬುರಗಿಗೆ ಹೋದಾಗ ದರ್ಗಾ ಕಡೆ ಒಂದು ಅಂಗಡಿಯಲ್ಲಿ ಕಾಲು ತೊಲ ಶಮಾಮಾ ತಗೊಂಡೆ. ವಯಸ್ಸಾದ ಚಾಚಾ, ನನ್ನ ಕೈ ಹಿಡಿದು ಮೊದಲು ತಮ್ಮ ಅಂಗೈಯಲ್ಲಿ ಉಜ್ಜಿ ಬಿಸಿ ಮಾಡಿ ಆಮೇಲೆ ಹಚ್ಚಿದರು, "ಥಂಡಾ ಹಾಥ್ ಪೆ ಕ್ಯಾ ಮಾಲೂಮ್ ಹೋತಾ" ಅಂತ ನಕ್ಕರು. ಗಂಧದೆಣ್ಣೆ ಬೇರೆ, ಸರ್ಕಾರಿ ಸೀಲಿನ ಸಣ್ಣ ಶೀಷೆ. ಎರಡೂ ಸೇರಿ ಬಜೆಟ್ ಸ್ವಲ್ಪ ದಾಟಿತು. ಮೂರು ಹನಿಗೆ ಒಂದು ಹನಿ ಲೆಕ್ಕದಲ್ಲಿ ಬೆರೆಸಿ ನಾಲ್ಕು ದಿನ ಇಟ್ಟೆ.

ಅಕ್ಕ ಹೇಳಿದ ಹಾಗೆ ವ್ಯಾಸಲಿನ್ ಮೇಲೆ, ಎದೆಗೆ. ಬೆಳಿಗ್ಗೆ ಏನೂ ಗೊತ್ತಾಗಲಿಲ್ಲ, ಇದೂ ಹೋಯಿತು ದುಡ್ಡು ಅಂದುಕೊಂಡೆ. ಹನ್ನೊಂದೂವರೆಗೆ ಬಿಸಿಲು ಕಿಟಕಿಗೆ ಬಂತು. ಸ್ವೆಟರ್ ತಲೆಯ ಮೇಲಿಂದ ಎಳೆದೆ ನೋಡಿ, ಅಷ್ಟು ಹೊತ್ತು ಒಳಗೆ ಕಾದು ಕೂತಿದ್ದ ವಾಸನೆ ಒಮ್ಮೆಲೇ ಮುಖಕ್ಕೆ ಬಂತು. ಮೊದಲು ಲವಂಗದ ಹಾಗೆ ಬಿಸಿ, ಹಿಂದೆಯೇ ಸಾಣೆಕಲ್ಲು. ಪಕ್ಕದ ಟೇಬಲಿನ ಮೇಡಂ ತಲೆ ಎತ್ತಿ "ಯಾರು ರೀ ಪೂಜೆ ಮುಗಿಸಿ ಬಂದದ್ದು?" ಅಂದರು. ನಾನು ಏನೂ ಹೇಳಲಿಲ್ಲ.

ಎಳ್ಳ ಅಮಾವಾಸ್ಯೆಗೆ ಗೆಳೆಯನ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆ, ಅಲ್ಲೂ ಹಚ್ಚಿಕೊಂಡಿದ್ದೆ. ಭಜ್ಜಿ, ಸಜ್ಜೆ ರೊಟ್ಟಿಯ ಮುಂದೆ ನನ್ನ ಸೆಂಟನ್ನು ಒಬ್ಬರೂ ಕೇಳಲಿಲ್ಲ. ಗೆಳೆಯನ ಅಜ್ಜಿ ಮಾತ್ರ ಎಲೆ ಅಡಿಕೆ ಕೊಡುವಾಗ ನನ್ನ ಕೈ ಹಿಡಿದುಕೊಂಡೇ ಸ್ವಲ್ಪ ಹೊತ್ತು ಕೂತರು. ಬರುವಾಗ ಆ ಮಿಶ್ರಣದ ಎರಡು ಹನಿಯನ್ನು ಹತ್ತಿಗೆ ಹಾಕಿ ಅವರ ಎಲೆಯ ಚೀಲದಲ್ಲಿ ಇಟ್ಟು ಬಂದೆ.

ಅತ್ತರ್ ಗಿರಾಕಿ, ಕಲಬುರಗಿ:

ಎಲೆ ಚೀಲದಲ್ಲಾ! ಇನ್ನು ಆ ಅಜ್ಜಿಯ ಎಲೆಗೆಲ್ಲ ಶಮಾಮಾ ರುಚಿ. ಬೇಗ ಫೋನ್ ಮಾಡಿ ತೆಗೆಯಲು ಹೇಳು ತಮ್ಮಾ.